ಸುಹಾಸಿನಿ ನುಂಗಿದ ಮಾತು

ಕಾಚಿಗೂಡದ ಸುಹಾಸಿನಿಯ ಬಾಯಿಗೆ ಬೀಗವಿಲ್ಲ ಎಂದು ಓಣಿಯವರೆಲ್ಲ ಆಡಿಕೊಳ್ಳುತ್ತಿದ್ದೆವು. ಗಚ್ಚಿಬೌಲಿಯ ಆಸ್ಪತ್ರೆಯೊಂದು ಆ ಬಾಯಿಗೇ ಸಂಬಳ ಕೊಟ್ಟಿತು. ಗಂಟಲಿನ ಡಾಕ್ಟರ್ ಅಮೋಲ್ ಹಿಂದಿಯಲ್ಲಿ ಹೇಳಿದ್ದನ್ನು ರಾಯಚೂರು, ಯಾದಗಿರಿ ಕಡೆಯ ರೋಗಿಗಳಿಗೆ ಕನ್ನಡದಲ್ಲಿ ತಿಳಿಸುವುದು ಅವಳ ಕೆಲಸ.

ಆದರೆ ಅವಳು ಬೆಳೆದ ಮನೆಯಲ್ಲಿ ಕೆಟ್ಟದ್ದನ್ನು ನಾಲಿಗೆಯ ಮೇಲೆ ತರುವಂತಿರಲಿಲ್ಲ. ಯಾರಾದರೂ ತಪ್ಪಿ ನುಡಿದರೆ "ಬಿಡ್ತು ಅನ್ನು" ಎಂದು ಗದರಿ, ಆಡಿದ ಮಾತನ್ನು ಅಲ್ಲೇ ಬಿಡಿಸುತ್ತಿದ್ದರು.

ಕಟ್ಟಡ ಕೆಲಸದ ಅನ್ನಮ್ಮನಿಗೆ ಗಂಟಲಲ್ಲಿ ಗಡ್ಡೆಯಾಗಿತ್ತು. ಆಪರೇಷನ್ನಿನಲ್ಲಿ ನರಕ್ಕೆ ಪೆಟ್ಟಾದರೆ ದನಿ ಪೂರ್ತಿ ಹೋಗಬಹುದು, ಬೇಡವೆಂದರೆ ಸದ್ಯ ಕಾಯಬಹುದು ಎಂದರು ಡಾಕ್ಟರ್. ಸುಹಾಸಿನಿಯ ಬಾಯಿಂದ ಆ ಮಾತು ಹೊರಡಲಿಲ್ಲ. ಬದಲಿಗೆ ಹೀಗೆಂದಳು:

"ನಾಕ ದಿನ ದನಿ ಒಡೀತೈತಿ, ಆಮ್ಯಾಲೆ ಸರಿ ಆಕೈತಿ. ಅಂಜಬ್ಯಾಡವ್ವ. ದನಿ ಬಂದ ಕೂಡ್ಲೆ ಮೊದಲ ನನಗ ಫೋನ್ ಮಾಡು."

ಅನ್ನಮ್ಮ ನಕ್ಕು ಹೆಬ್ಬೆಟ್ಟು ಒತ್ತಿದಳು. ದನಿ ಹೋಯಿತು, ಮರಳಲಿಲ್ಲ.

ಅವಳ ಗಂಡ ಸಂಗಣ್ಣ ಬಂದು ಬೈದಿದ್ದರೆ ಸುಹಾಸಿನಿ ಬದುಕಿಕೊಳ್ಳುತ್ತಿದ್ದಳು. ಅವನು ಕೈಕಟ್ಟಿ ನಿಂತು ಕೇಳಿದ, "ಅಕ್ಕಾರ, ನಾಕ ದಿನ ಅಂದಿದ್ರಿ. ಇನ್ನಾ ಎಷ್ಟ ದಿನ ಕಾಯಬೇಕ್ರಿ?"

ಆಗಿನಿಂದ ಅನ್ನಮ್ಮನ ಫೋನ್ ಬರತೊಡಗಿತು. ಅಡುಗೆ ಮಾಡುವಾಗ, ಬಸ್ಸಿನಲ್ಲಿರುವಾಗ. ಎತ್ತಿದರೆ ಮಾತಿಲ್ಲ, ಬರೀ ಉಸಿರು. ತನಗೆ ದನಿ ಬಂದಿದೆಯೇ ಎಂದು ಅನ್ನಮ್ಮ ಸುಹಾಸಿನಿಯ ಕಿವಿಯಲ್ಲೇ ಪರೀಕ್ಷೆ ಮಾಡುತ್ತಿದ್ದಳು. ಸುಹಾಸಿನಿ ಅನ್ನ ನೀರು ಬಿಟ್ಟು ಸೊರಗಿದಳು. ಹರಟೆಗೆ ಕರೆದರೂ ಬರುತ್ತಿರಲಿಲ್ಲ.

ಅನ್ನಮ್ಮನಿಗೆ ಹೀಗಾದ ಮೇಲೆ ಡಾಕ್ಟರ್ ಹೊಸ ಪದ್ಧತಿ ತಂದರು. ಅಪಾಯವನ್ನು ರೋಗಿಯೇ ತನ್ನ ಬಾಯಿಂದ ತಿರುಗಿ ಹೇಳಬೇಕು, ಅಲ್ಲಿಯವರೆಗೆ ಆಪರೇಷನ್ ಇಲ್ಲ. ಅಂಥದೇ ಗಡ್ಡೆ ಹೊತ್ತು ಗಂಗಾ ಎಂಬವಳು ಬಂದಳು.

"ದನಿ ಹೋಗಬಹುದವ್ವ. ಮತ್ತ ಬರದೇ ಇರಬಹುದು," ಎಂದಳು ಸುಹಾಸಿನಿ.

"ಅಯ್ಯ, ಬಿಡ್ತು ಅನ್ರಿ ಅಕ್ಕಾರ!"

"ಅನ್ನಂಗಿಲ್ಲ. ನಾ ಏನಂದೆ, ನೀ ಒಮ್ಮೆ ಹೇಳು."

ಗಂಗಾ ಅಳುತ್ತಲೇ ಹೇಳಿದಳು. ಆಮೇಲೆ, ಸದ್ಯ ಕಾಯುತ್ತೇನೆಂದು ಎದ್ದು ಹೋದಳು.

ಸುಹಾಸಿನಿ ಹೊರಗೆ ಬರುವಷ್ಟರಲ್ಲಿ ಫೋನ್ ಬಂತು. ಅದೇ ಉಸಿರು.

"ಅನ್ನಮ್ಮ, ದನಿ ಬರಂಗಿಲ್ಲವ್ವ. ಅವತ್ತ ನಾ ಹೇಳಬೇಕಾಗಿತ್ತು, ಹೇಳಲಿಲ್ಲ."

ಆ ಕಡೆ ಉಸಿರು ಒಮ್ಮೆ ನಿಂತು, ಮತ್ತೆ ಆಡಿತು. ಆಮೇಲೆ ಫೋನ್ ಇಟ್ಟ ಸದ್ದಾಯಿತು.

ಅಂದಿನಿಂದ ಅನ್ನಮ್ಮನ ಕರೆ ಬಂದಿಲ್ಲ. ಸುಹಾಸಿನಿ ಈಗಲೂ ತನ್ನ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಅಡುಗೆ ಮಾಡುತ್ತಾಳೆ.