ಅಮ್ಮನಿಗೆ ಕಳಿಸಿದ ಅಮೆರಿಕಾ

ಅಂಗಿಯ ಗುಂಡಿ ಹುಡುಕಲೆಂದು ಮೊನ್ನೆ ಹಳೆಯ ಬಿಸ್ಕತ್ತಿನ ಡಬ್ಬಿ ತೆರೆದರೆ ಇನ್ನೂ ಇಂಗಿನ ವಾಸನೆ! ಐವತ್ತು ವರ್ಷದ ಹಿಂದೆ ಮೈಸೂರಿನಿಂದ ಅಮ್ಮ ಇದರ ತುಂಬ ಚಟ್ನಿಪುಡಿ ಕಳಿಸಿದ್ದಳು. ಯಾಕೆಂದು ನಿಮಗೆ ಹೇಳಲೇಬೇಕು. ತಪ್ಪೆಲ್ಲ ನಮ್ಮ ಯಜಮಾನರದು.

ಎಪ್ಪತ್ತರ ದಶಕದ ಆರಂಭ, ನಾವು ನ್ಯೂಯಾರ್ಕಿನ ಕ್ವೀನ್ಸ್‌ಗೆ ಹೊಸಬರು. ಒಂದು ಭಾನುವಾರ ಮ್ಯಾನ್‌ಹ್ಯಾಟನ್ನಿನಲ್ಲಿ ಮಳೆಗೆ ಹೆದರಿ ಯಾವುದೋ ಫೋಟೋ ಪ್ರದರ್ಶನದೊಳಗೆ ನುಗ್ಗಿದೆವು. ಮೂವತ್ತರ ದಶಕದ ಆರ್ಥಿಕ ಮುಗ್ಗಟ್ಟಿನ ಅಮೆರಿಕಾ: ರಸ್ತೆಬದಿಯ ಪೆಟ್ರೋಲ್ ಬಂಕು, ಬಣ್ಣ ಕಿತ್ತುಹೋದ ಬೋರ್ಡು, ಹಣ್ಣಿನಂಗಡಿಯ ಮುಂದೆ ಸುಮ್ಮನೆ ಕೂತ ಜನ. ನನಗೋ ಕಾಲುನೋವು. ಇವರು ಪ್ರತಿ ಚಿತ್ರದೆದುರೂ ದೇವರ ಮುಂದೆ ನಿಂತಂತೆ ನಿಂತರು. ಮರುವಾರವೇ ಮನೆಗೆ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಬಂತು.

ಆಮೇಲೆ ನಮ್ಮ ಭಾನುವಾರಗಳೆಲ್ಲ ನ್ಯೂಜೆರ್ಸಿಯ ರಸ್ತೆಬದಿಯ ಮುರುಕು ಮನೆ, ತರಕಾರಿ ಅಂಗಡಿಗಳಿಗೆ ಮುಡಿಪು. ನಾನು ಒಳ್ಳೆಯ ಸೀರೆಯುಟ್ಟು, ಪುಳಿಯೋಗರೆ ಕಟ್ಟಿಕೊಂಡು ಹೊರಡುತ್ತಿದ್ದೆ.

"ರೀ, ನಂದೂ ಒಂದು ತೆಗೀರಿ."

"ಸ್ವಲ್ಪ ಪಕ್ಕಕ್ಕೆ ಸರಿ, ಟೊಮೇಟೊ ಬುಟ್ಟಿಗೆ ಅಡ್ಡ ಬರ್ತಿದ್ದೀಯ!"

ಊರಿಗೂ ಅವೇ ಫೋಟೋಗಳು ಹೋದವು. ಎರಡು ತಿಂಗಳಿಗೆ ಪರಿಚಯದವರ ಕೈಲಿ ಈ ಡಬ್ಬಿ ಬಂತು, ಜೊತೆಗೆ ಅಮ್ಮನ ಪತ್ರ: "ಕಷ್ಟ ಮುಚ್ಚಿಡಬೇಡ ಕಣೆ. ಆ ಮುರುಕು ಮನೆಗಳನ್ನ ನೋಡಿದ್ಮೇಲೆ ನಂಗೆ ನಿದ್ದೆ ಇಲ್ಲ. ರಸ್ತೇಲಿ ಕೂತು ಟೊಮೇಟೊ ಮಾರೋ ಗತಿ ಬಂತಾ ನಿಂಗೆ? ಇಬ್ರೂ ವಾಪಸ್ ಬಂದ್ಬಿಡಿ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮ ನಿದ್ದೆಗೆಟ್ಟಿದ್ದು ನೆನಪಾಗಿ ಅಳುವೂ ಬಂತು. ಇವರ ಮುಖ ಸಪ್ಪಗಾಯಿತು. ಮುಂದಿನ ಭಾನುವಾರ ಅದೇ ಟೊಮೇಟೊ ಅಂಗಡಿಗೆ ಕರೆದೊಯ್ದು, "ಅಡ್ಡ ಬಾ, ಪೂರ್ತಿ ಅಡ್ಡ ಬಾ" ಎಂದರು. ಅಂಗಡಿಯ ದಪ್ಪ ಹೆಂಗಸು ನನ್ನ ಎರಡು ಕೈಗೂ ಒಂದೊಂದು ಟೊಮೇಟೊ ಕೊಟ್ಟು ಪಕ್ಕದಲ್ಲೇ ನಿಂತಳು. ನಗು ತಡೆಯಲಾಗಲಿಲ್ಲ. ಆ ಫೋಟೋದ ಹಿಂದೆ, "ಅಮ್ಮಾ, ಅಂಗಡಿ ಇವಳದು. ನಾನು ಗಿರಾಕಿ ಅಷ್ಟೆ" ಎಂದು ಬರೆದು ಕಳಿಸಿದೆ.

ಉತ್ತರವಾಗಿಯೂ ಫೋಟೋ ಬಂತು. ಸ್ಟುಡಿಯೋದ ಬಣ್ಣದ ಪರದೆಯೆದುರು ಬಿಗಿದುಕೊಂಡು ಕೂರುವುದಷ್ಟೇ ಗೊತ್ತಿದ್ದ ಅಮ್ಮ, ಫೋಟೋದವನನ್ನೇ ಬೀದಿಗೆ ಎಳೆತಂದಿದ್ದಳು. ಸೈಕಲ್ ಶಾಪಿನ ಪಕ್ಕ, ಹೂವಿನವಳ ಬುಟ್ಟಿಯ ಮುಂದೆ, ಎರಡು ಕೈಯಲ್ಲೂ ಸೇವಂತಿಗೆ ಹಿಡಿದು ಬಾಯ್ತುಂಬ ನಗುತ್ತಿದ್ದಳು. ಹಿಂದೆ ಬರೆದಿತ್ತು: "ನಾನೂ ಗಿರಾಕಿ. ಈಗ ನಿದ್ದೆ ಬರತ್ತೆ."

ಅಮ್ಮ ನಕ್ಕ ಫೋಟೋ ನನ್ನ ಬಳಿ ಇರುವುದು ಅದೊಂದೇ. ಮೊನ್ನೆ ಡಬ್ಬಿಯಲ್ಲಿ ಅದು ಸಿಕ್ಕಿತು, ಗುಂಡಿ ಮರೆತೇಹೋಯಿತು.

"ರೀ, ಕ್ಯಾಮೆರಾ ತಗೊಳ್ಳಿ. ಹಿಲ್‌ಸೈಡ್ ಅವೆನ್ಯೂ ತರಕಾರಿ ಅಂಗಡಿಗೆ ಹೋಗೋಣ."

"ಏನು ತೆಗೀಲಿ?"

"ಬದನೆಕಾಯಿ ಬುಟ್ಟಿನೇ ತೆಗೀರಿ. ನಾನು ಅಡ್ಡ ಬರ್ತೀನಿ."