ಪುತ್ತರಿಯ ಕದಿರು ಹೊತ್ತ ದಿನ

ಮೊನ್ನೆ ಮೊಮ್ಮಗಳು ಜಗಲಿಯಲ್ಲಿ ಕೂತು ಚರಿತ್ರೆಯ ಪಾಠ ಗಟ್ಟಿಯಾಗಿ ಓದುತ್ತಿದ್ದಳು, ಇಲ್ಲಿನ ಶಾಲೆಯ ಮಲಯಾಳದಲ್ಲಿ, ಪರೀಕ್ಷೆಯ ರಾಗದಲ್ಲಿ. ಸ್ವಂತ ಗಂಡುಮಗನಿಲ್ಲದೆ ರಾಜ ಸತ್ತರೆ ದತ್ತು ಮಗನಿಗೆ ಗದ್ದುಗೆ ಇಲ್ಲ, ರಾಜ್ಯ ಇಂಗ್ಲಿಷರಿಗೆ. ಅಷ್ಟು ಕಿವಿಗೆ ಬಿದ್ದದ್ದೇ ತಡ, ನನ್ನ ಮೂಗಿಗೆ ಹಸಿ ಕದಿರಿನ ವಾಸನೆ ಬಂತು.

ನಾನೂ ದತ್ತು ಹೋದವಳೇ. ಪಯ್ಯಂಪಳ್ಳಿ ಹತ್ತಿರದ ನನ್ನ ದೊಡ್ಡಮ್ಮನಿಗೆ, ಅಂದರೆ ನಮ್ಮವ್ವನ ಅಕ್ಕನಿಗೆ, ಮಕ್ಕಳಿರಲಿಲ್ಲ. ನಮ್ಮವ್ವನಿಗೆ ಐದು ಹೆಣ್ಣು. ಮೂರನೆಯವಳಾದ ನನ್ನನ್ನು ಕೊಟ್ಟುಬಿಟ್ಟಳು. ಹೊರಡುವಾಗ ನಾನು ಅತ್ತಿದ್ದೆನೋ ಇಲ್ಲವೋ ನೆನಪಿಲ್ಲ. ಆ ಮನೆಯಲ್ಲಿ ಹೊಟ್ಟೆ ತುಂಬ ಅನ್ನ ಇತ್ತು. ಹುಲ್ಲು ಹೊದಿಸಿದ ಮನೆ, ಸಗಣಿ ಸಾರಿಸಿದ ತಂಪು ನೆಲ, ಅಟ್ಟದ ತುಂಬ ಗಂಧಕಸಾಲೆ ಭತ್ತ. ಅಂಥ ಅಟ್ಟದ ಕೆಳಗೆ ನೀವೂ ಮಲಗಿದ್ದರೆ ಗೊತ್ತಿರುತ್ತದೆ, ಹೊದಿಕೆಯೂ ಘಮ್ಮೆನ್ನುತ್ತಿತ್ತು.

ದೊಡ್ಡಪ್ಪ ತೀರಿಕೊಂಡ ವರ್ಷವೇ ತಕರಾರು ಎದ್ದಿತು. ಪುತ್ತರಿ ಹಬ್ಬದ ದಿನ, ಹೊಸ ಅಕ್ಕಿ ಉಣ್ಣುವ ಮೊದಲು, ಗದ್ದೆಯ ಮೊದಲ ಕದಿರನ್ನು ಮನೆಯ ವಾರಸುದಾರರೇ ತಲೆಯ ಮೇಲೆ ಹೊತ್ತು ತರಬೇಕು. ಹೊತ್ತವರದೇ ಮನೆ, ಗದ್ದೆ. ಆಮೇಲೆ ಊರಲ್ಲಿ ಯಾರೂ ಸೊಲ್ಲೆತ್ತುವುದಿಲ್ಲ. ದೊಡ್ಡಮ್ಮ ನನ್ನ ತಲೆಗೆ ಸಿಂಬಿ ಇಟ್ಟು ಕದಿರಿನ ಕಟ್ಟು ಹೊರಿಸಿದಳು. ದೊಡ್ಡಪ್ಪನ ತಮ್ಮ ಬದುವಿನ ಮೇಲೆ ಅಡ್ಡ ನಿಂತ.

"ಅತ್ತಿಗೆ, ದತ್ತು ಅಂತ ರಾಜರೇ ಇಂಗ್ಲಿಷರ ಕಾಲು ಹಿಡಿದ್ರು. ಗದ್ದುಗೆ ಸಿಕ್ತಾ? ಇದು ಹೆಣ್ಣು ಬೇರೆ. ನನ್ನ ಮಗ ಹೊರಲಿ."

ದೊಡ್ಡಮ್ಮ ಕುಡುಗೋಲು ಕೆಳಗಿಡಲಿಲ್ಲ. "ಅದು ಕದಿಯೋರು ಹುಡುಕಿದ ನೆಪ, ಪುಟ್ಟಯ್ಯ. ನೀನು ಯಾವಾಗ ಇಂಗ್ಲಿಷನಾದೆ? ಬಣ್ಣ ನೋಡಿದ್ರೆ ಹಾಗೆ ಕಾಣಲ್ವಲ್ಲ!"

ಕೊಯ್ಯುವ ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು. ಚಿಕ್ಕಪ್ಪ ಬದು ಬಿಟ್ಟು ಕೆಸರಿಗಿಳಿದ. ನಾನು ದಾಟಿದೆ. ಕತ್ತು ನೋಯುತ್ತಿತ್ತು, ಕದಿರು ಕಿವಿ ಕೆರೆಯುತ್ತಿತ್ತು. ಹೆಮ್ಮೆಗಿಮ್ಮೆ ಏನೂ ಇರಲಿಲ್ಲ, ಉಚ್ಚೆ ಬಂದಿತ್ತು.

ಆ ಗದ್ದೆಯಲ್ಲೇ ಬದುಕಿದೆ, ಚೆನ್ನಾಗಿಯೇ ಬದುಕಿದೆ. ಆ ಮನೆ ಈಗಿಲ್ಲ; ಹುಲ್ಲು ಹೊದಿಸುವವರು ಸಿಗದೆ ನಾನೇ ಕೆಡವಿ ತಾರಸಿ ಹಾಕಿಸಿದೆ. ಗದ್ದೆ ಅರ್ಧ ಬಾಳೆತೋಟವಾಗಿದೆ. ದೊಡ್ಡಮ್ಮ ಸತ್ತ ದಿನ, ಹೆತ್ತ ಮಗನಿಲ್ಲದವಳ ಬಾಯಿಗೆ ನೀರು ಬಿಡುವವರು ಯಾರು ಅಂತ ಜನ ಮುಖ ಮುಖ ನೋಡಿಕೊಂಡರು. ಚಿಕ್ಕಪ್ಪನೇ ಕೋಲೂರಿಕೊಂಡು ಬಂದು, "ಏಳು ಮಗಾ, ನಿಮ್ಮವ್ವನಿಗೆ ನೀರು ಬಿಡು" ಅಂದ. ಬಿಟ್ಟೆ. ಅಷ್ಟು ವರ್ಷ ಅವಳನ್ನು ದೊಡ್ಡಮ್ಮ ಅಂತಲೇ ಕರೆದಿದ್ದೆ. ಅವ್ವ ಅನ್ನು ಅಂತ ಅವಳು ಕೇಳಲಿಲ್ಲ, ನನಗೂ ತೋಚಲಿಲ್ಲ. ಆವತ್ತು ಬಗ್ಗಿ, ಅವಳ ಕಿವಿಯ ಹತ್ತಿರ, ಒಂದು ಸಲ ಅಂದೆ.