ಕೀಸಿ ತೆಳ್ಳಗೆ ಮಾಡಿಸಿದ ಗಿಟಾರಿನ ಕತ್ತು

ಸಂಜೆ ಐದೂ ಇಪ್ಪತ್ತಕ್ಕೆ, ತಂತಿ ಬಿಗಿಯುತ್ತಿದ್ದ ತಂಗಿಯ ಕೈಯಲ್ಲೇ ಗಿಟಾರಿನ ಕತ್ತು ಫಟ್ಟನೆ ಮುರಿಯಿತು. ಹರಿದ ತಂತಿ ಅವಳ ಕಣ್ಣಿಗೆ ಬಡಿಯಿತು. “ಅಕ್ಕಾ, ಕಣ್ಣು ಕಾಣವಲ್ದು!” ಎಂದು ಚೀರಿದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ದಪ್ಪ ಕತ್ತು ಅವಳ ಪುಟ್ಟ ಕೈಯ ಹಿಡಿತಕ್ಕೆ ಸಿಗದೆ ಹೆಬ್ಬೆರಳು ನೋಯುತ್ತಿತ್ತು. ಅದಕ್ಕೇ ಮಸ್ಕಿಯ ನಮ್ಮ ಓಣಿಯ ಬಡಿಗ ಮಾವನಿಂದ ಕೀಸಿಸಿದ್ದೆ. “ಸಾಕೇನವ್ವಾ?” ಎಂದು ಅವರು ಕೇಳಿದಾಗ, “ಇನ್ನೊಂಚೂರು ಕೀಸ್ರಿ ಮಾವಾ” ಎಂದವಳು ನಾನೇ. ತಂತಿಗಳ ಎಳೆತವನ್ನೆಲ್ಲ ಆ ಕತ್ತೇ ತಡೆಯಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಸಿಂಧನೂರಿನ ಡಾಕ್ಟರು ರೆಪ್ಪೆಗೆ ಹೊಲಿಗೆ ಹಾಕಿ, ಬಾವು ಇಳಿಯುವವರೆಗೆ ನೋಟದ ಬಗ್ಗೆ ಏನೂ ಹೇಳಲಾಗದು ಎಂದರು. ನಿದ್ದೆ ಹತ್ತಿದರೆ ಸಾಕು, ಮರ ಮುರಿಯುವ ಸದ್ದು ಕೇಳಿ ಎದ್ದು ಕೂರುತ್ತಿದ್ದೆ.

ಎಂಟನೇ ದಿನ ಅವಳು ಆ ಕಣ್ಣೊಂದರಿಂದಲೇ ಡಾಕ್ಟರ ಗೋಡೆಯ ಪಟ್ಟಿಯಲ್ಲಿನ ಸಣ್ಣ ಅಕ್ಷರಗಳನ್ನು ಓದಿದಳು. ಅಂದು ಇಬ್ಬರೂ ಬೆಳಗಾಗುವತನಕ ಮಲಗಿದೆವು.